ಗೂಗಲ್ ಡ್ರೈವ್‌ನ ಖಾಲಿ ಜಾಗದಿಂದ ಕ್ರಿಪ್ಟೊ ಗಳಿಸಬಹುದೇ? 15 ಜಿಬಿಯ ಲೆಕ್ಕ ಹಾಕಿ ನೋಡೋಣ

‘ನಿಮ್ಮ ಗೂಗಲ್ ಡ್ರೈವ್‌ನ್ಯಾಗ 15 ಜಿಬಿ ಜಾಗ ಸುಮ್ನ ಖಾಲಿ ಬಿದ್ದೈತಿ. ಅದನ್ನ ಕೆಲಸಕ್ಕ ಹಚ್ರಿ. ಮೊಬೈಲ್ ಬಿಸಿ ಆಗಂಗಿಲ್ಲ, ಕರೆಂಟ್ ಖರ್ಚಿಲ್ಲ, ದಿನಾ ರೊಕ್ಕ ಬರ್ತೈತಿ.’ ಇಂಥ ಧಾಟಿಯ ಸಂದೇಶಗಳು ವಾಟ್ಸಾಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಜೊತೆಗೆ ಒಂದು ಲಿಂಕು, ‘ಸೈನ್ ಇನ್ ವಿತ್ ಗೂಗಲ್’ ಎಂಬ ಗುಂಡಿ, ಕೆಳಗೆ ‘ಹತ್ತು ಮಂದಿಗೆ ಕಳಿಸಿದರೆ ಬೋನಸ್’ ಎಂಬ ಸಾಲು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಓದುಗರು ನಮ್ಮನ್ನು ಕೇಳಿರುವ ಪ್ರಶ್ನೆ ಸರಳವಾಗಿದೆ: ಇದು ಖರೆ ಏನ್ರಿ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಹಾರ್ಡ್‌ಡಿಸ್ಕ್‌ನ ಜಾಗ ಬಳಸಿ ಗಳಿಸುವ ಕ್ರಿಪ್ಟೊ ನಾಣ್ಯ ನಿಜವಾಗಿಯೂ ಇದೆ. ಅದನ್ನು ಕ್ಲೌಡ್ ಡ್ರೈವ್‌ನಲ್ಲಿ ತುಂಬಿಟ್ಟು ಗಳಿಸಲು ನೋಡಿದವರೂ ಇದ್ದಾರೆ. ಆದರೆ ನಿಮ್ಮ 15 ಜಿಬಿಯಲ್ಲಿ ಅದು ಸಾಧ್ಯವೇ ಇಲ್ಲ. ಲಿಂಕ್ ಕಳಿಸಿದವನಿಗೆ ಬೇಕಾಗಿರುವುದೂ ನಿಮ್ಮ ಖಾಲಿ ಜಾಗವಲ್ಲ. ಅರ್ಧ ನಿಜ ಇರುವುದರಿಂದಲೇ ಈ ಫಾರ್ವರ್ಡ್ ನಂಬುವಂತೆ ಕಾಣುತ್ತದೆ. ಹಾಗಾಗಿ ಆ ಅರ್ಧ ನಿಜದಿಂದಲೇ ಶುರು ಮಾಡೋಣ.

ಗಣಿ ಎಂದರೆ ಯಾವ ಗಣಿ?

ಗಣಿಗಾರಿಕೆ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಬಳ್ಳಾರಿ, ಸಂಡೂರು. ಕ್ರಿಪ್ಟೊ ‘ಮೈನಿಂಗ್’ನಲ್ಲಿ ಅಗೆಯುವುದು ಏನೂ ಇಲ್ಲ. ಅದು ಒಂದು ಲೆಕ್ಕದ ಪುಸ್ತಕ ಬರೆಯುವ ಕೆಲಸ. ಬಿಟ್‌ಕಾಯಿನ್‌ನಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬುದನ್ನು ಬರೆಯಲು ಬ್ಯಾಂಕ್ ಇಲ್ಲ. ಜಗತ್ತಿನಾದ್ಯಂತ ಹರಡಿರುವ ಯಂತ್ರಗಳೇ ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಹೊಸ ಪುಟ ಸೇರಿಸುತ್ತವೆ. ಆ ಪುಟ ಬರೆಯುವ ಹಕ್ಕು ಯಾರಿಗೆ ಎಂದು ತೀರ್ಮಾನಿಸಲು ಒಂದು ಸ್ಪರ್ಧೆ ನಡೆಯುತ್ತದೆ, ಗೆದ್ದವರಿಗೆ ಹೊಸ ನಾಣ್ಯ ಸಿಗುತ್ತದೆ. 2024ರ ಏಪ್ರಿಲ್‌ನಿಂದ ಆ ಬಹುಮಾನ 3.125 ಬಿಟ್‌ಕಾಯಿನ್.

ಈ ಸ್ಪರ್ಧೆ ಜಾತ್ರೆಯಲ್ಲಿ ದಾಳ ಉರುಳಿಸುವ ಆಟದಂತೆ. ಯಾರು ಹೆಚ್ಚು ಸಲ ಉರುಳಿಸುತ್ತಾರೋ ಅವರಿಗೆ ಗೆಲ್ಲುವ ಅವಕಾಶ ಹೆಚ್ಚು. ಇದಕ್ಕೆಂದೇ ತಯಾರಾದ ಯಂತ್ರಗಳು ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ದಾಳ ಎಸೆಯುತ್ತವೆ, ಅಷ್ಟೇ ಧಾರಾಳವಾಗಿ ಕರೆಂಟ್ ತಿನ್ನುತ್ತವೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಈ ಆಟದಲ್ಲಿ ಫೈಲ್ ಇಡುವ ಜಾಗಕ್ಕೆ ಕೆಲಸವೇ ಇಲ್ಲ. ಗೂಗಲ್ ಡ್ರೈವ್ ಎಂದರೆ ದೂರದ ಕಟ್ಟಡವೊಂದರಲ್ಲಿ ಬೇರೆಯವರು ಇಟ್ಟಿರುವ ಹಾರ್ಡ್‌ಡಿಸ್ಕ್. ಹೆಸರಿನಲ್ಲಿ ‘ಮೋಡ’ ಇದ್ದರೂ ಅದು ಒಂದು ಗೋದಾಮು. ಗೋದಾಮು ದಾಳ ಎಸೆಯುವುದಿಲ್ಲ. ಹೀಗಾಗಿ ‘ಡ್ರೈವ್‌ನಲ್ಲಿ ಬಿಟ್‌ಕಾಯಿನ್ ಮೈನಿಂಗ್’ ಎಂದು ಬರೆದಿದ್ದರೆ ಆ ಸಂದೇಶ ಅಲ್ಲಿಗೇ ಸುಳ್ಳಾಯಿತು.

(ಬಿಟ್‌ಕಾಯಿನ್ ಎಂದ ಕೂಡಲೇ 2020–21ರಲ್ಲಿ ಬೆಂಗಳೂರಿನಲ್ಲಿ ಸದ್ದು ಮಾಡಿದ ಹ್ಯಾಕಿಂಗ್ ಪ್ರಕರಣ ಕೆಲವರಿಗೆ ನೆನಪಾಗಬಹುದು. ಅದು ಹ್ಯಾಕಿಂಗ್ ಆರೋಪದ ಪ್ರಕರಣ, ಮೈನಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ.)

ಜಾಗವೇ ಬಂಡವಾಳವಾದ ನಾಣ್ಯ

ಬಿಟ್‌ಕಾಯಿನ್ ಇಷ್ಟು ಕರೆಂಟ್ ತಿನ್ನುತ್ತದೆ ಎಂಬ ಟೀಕೆ ಬಂದಾಗ ಕೆಲವರು ಬೇರೆ ದಾರಿ ಹುಡುಕಿದರು. ಲೆಕ್ಕ ಮಾಡುವ ಶಕ್ತಿಯ ಬದಲು ಡಿಸ್ಕ್‌ನ ಖಾಲಿ ಜಾಗವನ್ನೇ ಸ್ಪರ್ಧೆಯ ಬಂಡವಾಳ ಮಾಡಿದರೆ ಹೇಗೆ? 2014ರಲ್ಲೇ ಬರ್ಸ್ಟ್‌ಕಾಯಿನ್ ಎಂಬ ನಾಣ್ಯ ಈ ಪ್ರಯೋಗ ಮಾಡಿತ್ತು. ಆದರೆ ಜಗತ್ತಿನ ಗಮನ ಸೆಳೆದದ್ದು 2021ರ ‘ಚಿಯಾ’. ಇದನ್ನು ಆರಂಭಿಸಿದವರು ಬ್ರಾಂ ಕೋಹೆನ್. ಒಂದು ಕಾಲದಲ್ಲಿ ಸಿನಿಮಾ ಡೌನ್‌ಲೋಡ್ ಮಾಡಲು ಎಲ್ಲರೂ ಬಳಸುತ್ತಿದ್ದ ಬಿಟ್‌ಟೊರೆಂಟ್ ಅನ್ನು ಬರೆದವರೂ ಅವರೇ. 2021ರ ಮಾರ್ಚ್ 19ರಂದು ಚಿಯಾ ಜಾಲ ಶುರುವಾಯಿತು, ಮೇ ತಿಂಗಳಲ್ಲಿ ನಾಣ್ಯದ ಕೊಡುಕೊಳ್ಳುವಿಕೆ ಆರಂಭವಾಯಿತು.

ಚಿಯಾದವರು ‘ಮೈನಿಂಗ್’ ಎನ್ನುವುದಿಲ್ಲ, ‘ಫಾರ್ಮಿಂಗ್’ ಎನ್ನುತ್ತಾರೆ, ಅಂದರೆ ಬೇಸಾಯ. ಡಿಸ್ಕ್‌ನಲ್ಲಿ ತುಂಬುವ ದೊಡ್ಡ ಫೈಲಿಗೆ ಅವರ ಹೆಸರು ‘ಪ್ಲಾಟ್’. ಬೈಲಹೊಂಗಲದಲ್ಲಿ ಪ್ಲಾಟ್ ಎಂದರೆ ಎನ್ಎ ಆದ ಮನೆ ಸೈಟು ಎಂದೇ ಅರ್ಥ. ಆದ್ದರಿಂದ ‘ಆನ್‌ಲೈನ್ ಪ್ಲಾಟ್ ಮಾಡ್ಸಿ, ಆದಾಯ ತಗೊಳ್ರಿ’ ಎಂದು ಯಾರಾದರೂ ಹೇಳಿದರೆ ಗೊಂದಲವಾಗುವುದು ಸಹಜ.

ಇದು ನಡೆಯುವ ರೀತಿ ಹೌಸಿ ಆಟದಂತೆ. ಪ್ಲಾಟ್ ಎಂಬುದು ಸಂಖ್ಯೆಗಳನ್ನು ಮುದ್ರಿಸಿದ ಟಿಕೆಟ್‌ಗಳ ದೊಡ್ಡ ಕಟ್ಟು. ಮೊದಲು ಕಂಪ್ಯೂಟರ್ ಕಷ್ಟಪಟ್ಟು ಆ ಕಟ್ಟನ್ನು ತಯಾರಿಸಿ ಡಿಸ್ಕ್‌ನಲ್ಲಿ ಇಡುತ್ತದೆ. ಆಮೇಲೆ ಜಾಲವು ಸುಮಾರು 9 ಸೆಕೆಂಡಿಗೊಮ್ಮೆ ಒಂದು ಸಂಖ್ಯೆ ಕೂಗುತ್ತದೆ. ಅದಕ್ಕೆ ಹತ್ತಿರದ ಸಂಖ್ಯೆ ನಿಮ್ಮ ಕಟ್ಟಿನಲ್ಲಿದೆಯೇ ಎಂದು ನಿಮ್ಮ ಕಂಪ್ಯೂಟರ್ ಹುಡುಕಿ, ಅರ್ಧ ನಿಮಿಷದೊಳಗೆ ‘ಇದೆ’ ಎಂದು ಸಾಕ್ಷಿ ಸಮೇತ ಉತ್ತರಿಸಬೇಕು. ಒಂದು ದಿನಕ್ಕೆ ಸರಾಸರಿ 4,608 ಬಹುಮಾನ. ಯಾರ ಬಳಿ ಹೆಚ್ಚು ಕಟ್ಟುಗಳಿವೆಯೋ ಅವರಿಗೆ ಹೆಚ್ಚು ಅವಕಾಶ. ಹಾಗಾಗಿ ಇದು ಜಾಗದ ಆಟ ಎನ್ನುವುದು ನಿಜ. ಆದರೆ ಎಷ್ಟು ಜಾಗ?

ಎಂಟು ಜಿಮೇಲ್, ಒಂದು ಟಿಕೆಟ್ ಕಟ್ಟು

ಗೂಗಲ್ ನಮಗೆ ಪುಕ್ಕಟೆಯಾಗಿ ಕೊಡುವುದು 15 ಜಿಬಿ. ಅದರಲ್ಲೇ ಮೇಲ್, ಫೋಟೊ, ಡ್ರೈವ್, ವಾಟ್ಸಾಪ್ ಬ್ಯಾಕಪ್ ಎಲ್ಲ ಸೇರಿರುತ್ತದೆ. 2021ರಲ್ಲಿ ಚಿಯಾ ಶುರುವಾದಾಗ ಒಪ್ಪುತ್ತಿದ್ದ ಅತಿ ಚಿಕ್ಕ ಪ್ಲಾಟ್‌ನ ಗಾತ್ರ ಸುಮಾರು 108 ಜಿಬಿ. ಅಂದರೆ ಎಂಟು ಜಿಮೇಲ್ ಖಾತೆಗಳನ್ನು ಪೂರ್ತಿ ಖಾಲಿ ಇಟ್ಟು, ಹೇಗೋ ಒಂದಕ್ಕೊಂದು ಜೋಡಿಸಿದರೆ ಒಂದೇ ಒಂದು ಕಟ್ಟು ಹಿಡಿಯುತ್ತದೆ. ನಿಮ್ಮ ಒಂದು ಖಾತೆಯ ಖಾಲಿ ಜಾಗದಲ್ಲಿ ಕಟ್ಟಿನ ಏಳನೇ ಒಂದು ಭಾಗವೂ ಹಿಡಿಯುವುದಿಲ್ಲ. ಅರ್ಧ ಹರಿದ ಬಸ್ ಟಿಕೆಟ್ ತೋರಿಸಿದರೆ ಕಂಡಕ್ಟರ್ ಒಪ್ಪಬಹುದೇನೋ, ಇಲ್ಲಿ ಅದೂ ನಡೆಯುವುದಿಲ್ಲ.

ಆ ಒಂದು ಪ್ಲಾಟ್ ತಯಾರಿಸಲು ಆಗ 200 ಜಿಬಿಗೂ ಹೆಚ್ಚು ತಾತ್ಕಾಲಿಕ ಜಾಗ ಬೇಕಾಗುತ್ತಿತ್ತು. ತಯಾರಿಸುವಾಗ ಡಿಸ್ಕ್ ಮೇಲೆ ಬರೆದು ಅಳಿಸಿ ಮತ್ತೆ ಬರೆಯುವ ಒಟ್ಟು ಪ್ರಮಾಣ ಒಂದು ಟಿಬಿಯನ್ನೂ ದಾಟುತ್ತಿತ್ತು. ಎಸ್‌ಎಸ್‌ಡಿಗಳಿಗೆ ಇಂತಿಷ್ಟು ಸಲ ಮಾತ್ರ ಬರೆಯಬಹುದು ಎಂಬ ಮಿತಿ ಇರುತ್ತದೆ. ಸಾಮಾನ್ಯ ಎಸ್‌ಎಸ್‌ಡಿಯಲ್ಲಿ ಹಗಲು ರಾತ್ರಿ ಪ್ಲಾಟ್ ತಯಾರಿಸಿದವರು ವರ್ಷಗಟ್ಟಲೆ ಬಾಳಬೇಕಾದ ಡಿಸ್ಕನ್ನು ತಿಂಗಳುಗಳಲ್ಲಿ ಸವೆಸಿಬಿಡಬಹುದು ಎಂಬ ಎಚ್ಚರಿಕೆಗಳು ಆಗಲೇ ಬಂದಿದ್ದವು. ಮೊಬೈಲ್‌ನಲ್ಲಿ ಈ ಕೆಲಸದ ಮಾತೇ ಬೇಡ.

ಸರಿ, ಪರಿಚಯದವರ ಕಂಪ್ಯೂಟರ್ ಸೆಂಟರ್‌ನಲ್ಲಿ ಪ್ಲಾಟ್ ತಯಾರಾಯಿತು ಎಂದೇ ಇಟ್ಟುಕೊಳ್ಳಿ. ಈಗ ಅದನ್ನು ಡ್ರೈವ್‌ಗೆ ಏರಿಸಬೇಕು. ದಿನಕ್ಕೆ 2 ಜಿಬಿ ಸಿಗುವ ನೆಟ್‌ಪ್ಯಾಕ್ ಇದ್ದರೆ, ಬೇರೆ ಏನೂ ನೋಡದೆ ಬರೀ ಇದನ್ನೇ ಏರಿಸಿದರೂ 54 ದಿನ ಬೇಕು. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದ ಫೈಬರ್ ಸಂಪರ್ಕವಿದ್ದರೆ ಸರಿಯಾಗಿ ಒಂದು ಇಡೀ ದಿನ, ನಡುವೆ ಕರೆಂಟ್ ಹೋಗದಿದ್ದರೆ.

ಏರಿಸಿಯೂ ಆಯಿತು. ಗೆಲ್ಲುವುದು ಯಾವಾಗ? 2021ರ ಮಧ್ಯಭಾಗಕ್ಕೆ ಜಗತ್ತಿನಲ್ಲಿ ಚಿಯಾಕ್ಕೆ ಮೀಸಲಿಟ್ಟ ಡಿಸ್ಕ್ ಜಾಗ 30 ಎಕ್ಸಾಬೈಟ್ ದಾಟಿತ್ತು. ಒಂದು ಎಕ್ಸಾಬೈಟ್ ಎಂದರೆ ನೂರು ಕೋಟಿ ಜಿಬಿಗೂ ಹೆಚ್ಚು. 30 ಎಕ್ಸಾಬೈಟ್‌ನಲ್ಲಿ ಹಿಡಿಯುವ ಪ್ಲಾಟ್‌ಗಳು ಸುಮಾರು 31 ಕೋಟಿ 77 ಲಕ್ಷ. ದಿನಕ್ಕೆ ಗೆಲ್ಲುವುದು 4,608. ಭಾಗಿಸಿ ನೋಡಿ: ಒಂದು ಪ್ಲಾಟ್ ಇಟ್ಟವರಿಗೆ ಸರಾಸರಿ 68,900 ದಿನಕ್ಕೊಮ್ಮೆ ಬಹುಮಾನ. ಅಂದರೆ ಸುಮಾರು 189 ವರ್ಷ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮ ಬ್ರಿಟಿಷರ ವಿರುದ್ಧ ಹೋರಾಡಿದ್ದು 1824ರಲ್ಲಿ. ಅದರ ಕೆಲವೇ ವರ್ಷಗಳ ನಂತರ ಯಾರಾದರೂ ಒಂದು ಪ್ಲಾಟ್ ಇಟ್ಟಿದ್ದರೆ, ಸರಾಸರಿಯ ಲೆಕ್ಕದಲ್ಲಿ ಈಗ ಅವರ ಮನೆತನಕ್ಕೆ ಮೊದಲ ಬಹುಮಾನ ಬರುತ್ತಿತ್ತು.

‘ಅಷ್ಟು ವರ್ಷ ಕಾಯಬೇಕಿಲ್ಲ, ಪೂಲ್ ಸೇರಿದರೆ ಹಂಚಿ ಕೊಡ್ತಾರ’ ಎಂದು ತಿಳಿದವರು ಹೇಳಬಹುದು. ಹೌದು, 2021ರ ಜುಲೈಯಿಂದ ಆ ವ್ಯವಸ್ಥೆಯೂ ಬಂತು. ಹಲವರು ಸೇರಿ ಆಡಿ, ಗೆದ್ದದ್ದನ್ನು ಪಾಲು ಹಂಚಿಕೊಳ್ಳುವುದು. ಆಗ ಒಂದು ಬಹುಮಾನಕ್ಕೆ 2 ಚಿಯಾ ಸಿಗುತ್ತಿತ್ತು. 189 ವರ್ಷದ 2 ನಾಣ್ಯವನ್ನು ವರ್ಷವರ್ಷಕ್ಕೆ ಹಂಚಿದರೆ ನಾಣ್ಯದ ನೂರನೇ ಒಂದು ಭಾಗ. ಚಿಯಾದ ಬೆಲೆ 2021ರ ಮೇ ತಿಂಗಳಲ್ಲಿ ಸಾವಿರ ಡಾಲರ್ ದಾಟಿತ್ತು, 2023ರಲ್ಲಿ 30 ಡಾಲರ್ ಆಸುಪಾಸಿಗೆ ಇಳಿದಿತ್ತು. 30 ಡಾಲರ್ ಲೆಕ್ಕದಲ್ಲಿ ಆ ಪಾಲಿನ ಬೆಲೆ ವರ್ಷಕ್ಕೆ 26 ರೂಪಾಯಿ ಚಿಲ್ಲರೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಚಹಾ. 2024ರಲ್ಲಿ ಬಹುಮಾನವೇ ಅರ್ಧವಾಗಿ ಒಂದು ನಾಣ್ಯಕ್ಕೆ ಇಳಿಯಿತು.

ಇನ್ನು ‘ಕರೆಂಟ್ ಖರ್ಚಿಲ್ಲ’ ಎಂಬ ಮಾತು. ಫೈಲ್ ಡ್ರೈವ್‌ನಲ್ಲಿದ್ದರೂ, ಕೂಗಿದ ಸಂಖ್ಯೆಗೆ ಉತ್ತರ ಹುಡುಕುವ ಕಂಪ್ಯೂಟರ್ ನಿಮ್ಮ ಮನೆಯಲ್ಲಿ ಹಗಲು ರಾತ್ರಿ ನಡೆಯುತ್ತಲೇ ಇರಬೇಕು. 100 ವಾಟ್‌ನ ಹಳೆಯ ಕಂಪ್ಯೂಟರ್ ತಿಂಗಳಿಗೆ 72 ಯೂನಿಟ್ ಎಳೆಯುತ್ತದೆ. ‘ಗೃಹಜ್ಯೋತಿ ಐತಲ್ಲ’ ಎನ್ನಬೇಡಿ. ಆ ಯೋಜನೆಯಲ್ಲಿ ಉಚಿತವಾಗಿ ಸಿಗುವುದು ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಮಾತ್ರ. ಅದನ್ನು ಮೀರಿದ ಯೂನಿಟ್‌ಗೆ ಹೆಸ್ಕಾಂ ಬಿಲ್ ಕೊಡುತ್ತದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ವರ್ಷಕ್ಕೆ 26 ರೂಪಾಯಿ ಗಳಿಸಲು ತಿಂಗಳಿಗೆ ನೂರಾರು ರೂಪಾಯಿ.

ಪುಕ್ಕಟೆ ಗೋದಾಮಿಗೆ ಬೀಗ ಬಿದ್ದದ್ದು ಹೇಗೆ

ಹಾಗಾದರೆ ಕ್ಲೌಡ್ ಡ್ರೈವ್‌ನಲ್ಲಿ ಇದನ್ನು ಮಾಡಿದವರು ಯಾರು? 15 ಜಿಬಿಯವರಲ್ಲ, ‘ಅನ್‌ಲಿಮಿಟೆಡ್’ ಸಿಕ್ಕವರು. ಆಗ ಗೂಗಲ್ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿತ್ತು. ಕಂಪನಿಗಳಿಗೆ ಮಾರುವ ಕೆಲವು ಯೋಜನೆಗಳಲ್ಲೂ ಲೆಕ್ಕ ಇಡುತ್ತಿರಲಿಲ್ಲ. ಡ್ರಾಪ್‌ಬಾಕ್ಸ್‌ನ ಒಂದು ಯೋಜನೆಯಂತೂ ‘ಬೇಕಾದಷ್ಟು ಜಾಗ’ ಎಂದೇ ಹೇಳುತ್ತಿತ್ತು. ಕೆಲವರು ಅದರಲ್ಲಿ ನೂರಾರು, ಸಾವಿರಾರು ಪ್ಲಾಟ್ ತುಂಬಿದರು.

ಅಲ್ಲೂ ತೊಡಕಿತ್ತು. ಗೂಗಲ್ ಡ್ರೈವ್‌ಗೆ ಒಬ್ಬರು ದಿನಕ್ಕೆ ಏರಿಸಬಹುದಾದದ್ದು 750 ಜಿಬಿ ಮಾತ್ರ. ಸಂಖ್ಯೆ ಕೂಗಿದಾಗ ದೂರದ ಡಿಸ್ಕ್‌ನ ಮೂಲೆ ಮೂಲೆಯಿಂದ ತುಣುಕು ತರಿಸಬೇಕು, ಒಂದು ಪೂರ್ತಿ ಸಾಕ್ಷಿಗೆ 64 ಕಡೆ ಓದಬೇಕು. ಅರ್ಧ ನಿಮಿಷದಲ್ಲಿ ಅದು ಬಂದು ಸೇರದಿದ್ದರೆ ಗೆದ್ದ ಟಿಕೆಟ್ಟೂ ವ್ಯರ್ಥ.

ಕಂಪನಿಗಳು ಸುಮ್ಮನೆ ಕೂರಲಿಲ್ಲ. ಜರ್ಮನಿಯ ಹೆಟ್ಸ್‌ನರ್ 2021ರ ಮೇ ತಿಂಗಳಲ್ಲೇ ತನ್ನ ನಿಯಮಕ್ಕೆ ಕ್ರಿಪ್ಟೊ ಮೈನಿಂಗ್ ನಿಷೇಧದ ಸಾಲು ಸೇರಿಸಿತು. ಗೂಗಲ್ ವಿಶ್ವವಿದ್ಯಾಲಯಗಳ ಮಿತಿಯಿಲ್ಲದ ಜಾಗವನ್ನು ನಿಲ್ಲಿಸುವುದಾಗಿ 2021ರ ಫೆಬ್ರುವರಿಯಲ್ಲೇ ಪ್ರಕಟಿಸಿತ್ತು, 2022ರಿಂದ ಒಂದು ಸಂಸ್ಥೆಗೆ ಒಟ್ಟು 100 ಟಿಬಿ ಎಂಬ ಮೂಲ ಮಿತಿ ಬಂತು. ಫೋಟೊಗಳಿಗೆ ಇದ್ದ ಮಿತಿಯಿಲ್ಲದ ಜಾಗ 2021ರ ಜೂನ್ 1ಕ್ಕೆ ಮುಗಿದದ್ದು ನಿಮಗೆಲ್ಲ ಗೊತ್ತೇ ಇದೆ. ಕೊನೆಯದಾಗಿ 2023ರ ಆಗಸ್ಟ್‌ನಲ್ಲಿ ಡ್ರಾಪ್‌ಬಾಕ್ಸ್ ತನ್ನ ‘ಬೇಕಾದಷ್ಟು ಜಾಗ’ವನ್ನು ನಿಲ್ಲಿಸಿತು. ಕಾರಣ ಹೇಳುವಾಗ ಕ್ರಿಪ್ಟೊ ಮತ್ತು ಚಿಯಾ ಮೈನಿಂಗ್ ಎಂದು ಹೆಸರಿಸಿಯೇ ಹೇಳಿತು. ಜಾಗ ಮರುಮಾರಾಟ ಮಾಡುವವರ ಜೊತೆ ಇವರೂ ಸೇರಿ, ನಿಜವಾದ ಗ್ರಾಹಕರಿಗಿಂತ ಸಾವಿರಾರು ಪಟ್ಟು ಹೆಚ್ಚು ಜಾಗ ತಿನ್ನುತ್ತಿದ್ದಾರೆ ಎಂಬುದು ಅದರ ದೂರು. ಬೆರಳೆಣಿಕೆಯ ಜನ ಸಾರ್ವಜನಿಕ ನಲ್ಲಿಗೆ ಪಂಪ್‌ಸೆಟ್ ಹಚ್ಚಿದರೆ ಆಗುವುದೇ ಆಯಿತು, ಎಲ್ಲರ ಮನೆಗೂ ಮೀಟರ್ ಬಂತು.

ಟೆಲಿಗ್ರಾಂನಲ್ಲಿ ಇವತ್ತಿಗೂ ಕೆಲವು ನೂರು ರೂಪಾಯಿಗೆ ‘ಲೈಫ್‌ಟೈಮ್ ಅನ್‌ಲಿಮಿಟೆಡ್ ಡ್ರೈವ್’ ಎಂದು ಮಾರುವವರ ಸರಕು ಈ ಹಳೆಯ ಕಾಲದ ಪಳೆಯುಳಿಕೆ. ಅದು ಇನ್ಯಾರದೋ ಸಂಸ್ಥೆಯ ಖಾತೆಯಡಿ ತೆರೆದ ಜಾಗ. ಅದರ ಬೀಗದ ಕೈ ಮಾರಿದವನ ಹತ್ತಿರವೇ ಇರುತ್ತದೆ. ನೀವು ಇಟ್ಟದ್ದನ್ನು ಅವನು ನೋಡಬಹುದು, ಒಂದು ದಿನ ಸಂಸ್ಥೆ ಖಾತೆ ಮುಚ್ಚಿದರೆ ಎಲ್ಲವೂ ಹೋಗುತ್ತದೆ. ಮಗಳ ಮದುವೆಯ ವಿಡಿಯೊ ಅಲ್ಲಿ ಇಡಬೇಡಿ.

ಹಾಗಾದರೆ ಆ್ಯಪ್‌ನಲ್ಲಿ ಏರುತ್ತಿರುವ ಅಂಕಿ ಏನು?

ನಮಗೆ ಮುಖ್ಯವೆನಿಸುವ ಪ್ರಶ್ನೆ ಇದು. ಏಕೆಂದರೆ ಲಿಂಕ್ ಒತ್ತಿದವರು ‘ಅಲ್ರಿ, ನಾಣ್ಯ ಏರೋದು ಕಣ್ಣಾರೆ ನೋಡೀನಿ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅಂಕಿ ಏರುವುದು ನಿಜ.

2021ರ ಜುಲೈಯಲ್ಲಿ ಲುಕ್‌ಔಟ್ ಎಂಬ ಮೊಬೈಲ್ ಸುರಕ್ಷಾ ಕಂಪನಿ ‘ಕ್ಲೌಡ್ ಮೈನಿಂಗ್’ ಮಾಡುತ್ತೇವೆ ಎನ್ನುವ 170ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಬಿಚ್ಚಿ ನೋಡಿತು. ಅವುಗಳಲ್ಲಿ 25 ಗೂಗಲ್ ಪ್ಲೇ ಸ್ಟೋರ್‌ನಲ್ಲೇ ಇದ್ದವು. ಯಾವುದರಲ್ಲೂ ಮೈನಿಂಗ್ ಮಾಡುವ ಕೆಲಸವೇ ಇರಲಿಲ್ಲ. ಪರದೆಯ ಮೇಲೆ ಕಾಣುತ್ತಿದ್ದ ಗಳಿಕೆ ಬರೀ ಒಂದು ಎಣಿಕೆ, ಆಟೊ ಮೀಟರ್ ತಿರುಗಿದಂತೆ ತನ್ನಷ್ಟಕ್ಕೆ ಏರುತ್ತಿತ್ತು. ಕೆಲವು ಆ್ಯಪ್‌ಗಳಲ್ಲಿ ಮೊಬೈಲ್ ಆಫ್ ಮಾಡಿ ಆನ್ ಮಾಡಿದರೆ ಆ ‘ಗಳಿಕೆ’ ಮತ್ತೆ ಸೊನ್ನೆಗೆ ಬರುತ್ತಿತ್ತು. ವೇಗ ಹೆಚ್ಚಿಸಲು ಹಣ ಕೊಡಿ, ಇಷ್ಟಾದ ಮೇಲೆ ಮಾತ್ರ ಹಣ ತೆಗೆಯಬಹುದು, ಅಷ್ಟಾದ ಮೇಲೆ ಇನ್ನೊಂದು ತಕರಾರು. ಹೀಗೆ 93,000ಕ್ಕೂ ಹೆಚ್ಚು ಜನರಿಂದ ಕನಿಷ್ಠ ಮೂರೂವರೆ ಲಕ್ಷ ಡಾಲರ್ ಹೋಗಿತ್ತು ಎಂದು ಲುಕ್‌ಔಟ್ ಅಂದಾಜಿಸಿತು. ಆ್ಯಪ್‌ಗಳು ವೈರಸ್ ಹಾಕುತ್ತಿರಲಿಲ್ಲ, ಏನೂ ಕದಿಯುತ್ತಿರಲಿಲ್ಲ, ಅದಕ್ಕೇ ಪ್ಲೇ ಸ್ಟೋರ್‌ನ ಜರಡಿಯಿಂದ ಪಾರಾಗಿದ್ದವು. ಅಂದರೆ ‘ಪ್ಲೇ ಸ್ಟೋರ್‌ನಲ್ಲಿ ಐತಿ, ಹಂಗಾದ್ರ ಖರೆ’ ಎಂಬ ಲೆಕ್ಕವೂ ತಪ್ಪು.

ನಮ್ಮ ದೇಶದಲ್ಲೇ ಇದರ ದೊಡ್ಡ ರೂಪಗಳು ಬಂದು ಹೋಗಿವೆ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ಹೂಡಿಕೆದಾರರಿಗೆ ‘ಕ್ಲೌಡ್ ಮೈನಿಂಗ್’ ಒಪ್ಪಂದದ ಹೆಸರಿನಲ್ಲಿ 18 ತಿಂಗಳು, ತಿಂಗಳಿಗೆ ಶೇ 10ರಷ್ಟು ಬಿಟ್‌ಕಾಯಿನ್ ಕೊಡುವುದಾಗಿ ಹೇಳಿತ್ತು. ಮುಂದೆ ಬಿಟ್‌ಕಾಯಿನ್ ಬದಲು ಎಂಕ್ಯಾಪ್ ಎಂಬ ತನ್ನದೇ ನಾಣ್ಯ ಕೊಡಲು ಶುರು ಮಾಡಿತು. ಅದರ ಮುಖ್ಯ ಆರೋಪಿ ಅಮಿತ್ ಭಾರದ್ವಾಜ್‌ನನ್ನು 2018ರಲ್ಲಿ ಪುಣೆ ಪೊಲೀಸರು ಬಂಧಿಸಿದ್ದರು, ಆತ 2022ರಲ್ಲಿ ತೀರಿಕೊಂಡ. ಪ್ರಕರಣ ಸುಪ್ರೀಂ ಕೋರ್ಟ್ ಮೂಲಕ ಸಿಬಿಐಗೆ ಹೋಯಿತು. 2025ರ ಫೆಬ್ರುವರಿಯಲ್ಲಿ ಸಿಬಿಐ ದೇಶದ 60 ಕಡೆ ಶೋಧ ನಡೆಸಿತು. ಆ ಪಟ್ಟಿಯಲ್ಲಿ ಬೆಂಗಳೂರೂ ಇತ್ತು, ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರವೂ ಇತ್ತು.

ಎಚ್‌ಪಿಜಡ್ ಟೋಕನ್ ಎಂಬ ಆ್ಯಪ್ ಇನ್ನೂ ನೇರವಾಗಿತ್ತು: ಬಿಟ್‌ಕಾಯಿನ್ ಮೈನಿಂಗ್ ಯಂತ್ರಗಳಲ್ಲಿ ಹಣ ಹೂಡಿ ಎನ್ನುತ್ತಿತ್ತು. ಇ.ಡಿ. ಹೇಳಿರುವ ಪ್ರಕಾರ 57,000 ರೂಪಾಯಿ ಕೊಟ್ಟರೆ ಮೂರು ತಿಂಗಳು ದಿನಕ್ಕೆ 4,000 ರೂಪಾಯಿ ಎಂಬ ಆಸೆ ತೋರಿಸಲಾಗಿತ್ತು. ಕೂಡಿಸಿದರೆ 3 ಲಕ್ಷ 60 ಸಾವಿರ. ಯಾವ ಕಬ್ಬು, ಯಾವ ಹತ್ತಿ ಮೂರು ತಿಂಗಳಲ್ಲಿ ಆರು ಪಟ್ಟು ಕೊಟ್ಟೀತು? ಹಣ ಬಂದದ್ದು ಒಂದೇ ಸಲ, ಆಮೇಲೆ ಹೊಸದಾಗಿ ಹಣ ಹಾಕಿ ಎಂಬ ಬೇಡಿಕೆ. 2022ರ ಸೆಪ್ಟೆಂಬರ್‌ನಲ್ಲಿ ಈ ಪ್ರಕರಣದಲ್ಲಿ ಇ.ಡಿ. 46.67 ಕೋಟಿ ರೂಪಾಯಿಯನ್ನು ಸ್ತಂಭನಗೊಳಿಸಿತು.

ಆ ಒಂದು ಸಲದ ಹಣದ ಬಗ್ಗೆ ಒಂದು ಮಾತು. ಫಾರ್ವರ್ಡ್ ಕಳಿಸುವ ಗೆಳೆಯ, ಸೋದರಮಾವ, ಸಂಘದ ಅಕ್ಕ ಯಾರೂ ಮೋಸಗಾರರಲ್ಲ. ಅವರ ಫೋನ್‌ಪೇಗೆ ನಿಜವಾಗಿಯೂ ಒಮ್ಮೆ 300 ರೂಪಾಯಿ ಬಂದಿರುತ್ತದೆ. ಅದು ಗಳಿಕೆಯಲ್ಲ. ಅವರ ಬಾಯಿಂದ ‘ನನಗ ಬಂದೈತಿ’ ಎಂದು ಹತ್ತು ಮಂದಿಗೆ ಹೇಳಿಸಲು ಕೊಟ್ಟ ಜಾಹೀರಾತಿನ ಖರ್ಚು.

ಡ್ರೈವ್‌ನಿಂದ ನಿಜವಾಗಿ ಹೋಗುವುದೇನು

ಹಣ ಕೇಳದ ಲಿಂಕ್‌ಗಳೂ ಇರುತ್ತವೆ. ಅವು ಕೇಳುವುದು ಅನುಮತಿ. ‘ಸೈನ್ ಇನ್ ವಿತ್ ಗೂಗಲ್’ ಒತ್ತಿದಾಗ ಬರುವ ಪುಟದಲ್ಲಿ, ಈ ಆ್ಯಪ್ ನಿಮ್ಮ ಡ್ರೈವ್‌ನ ಎಲ್ಲ ಫೈಲ್‌ಗಳನ್ನು ನೋಡಬಹುದು, ತಿದ್ದಬಹುದು, ಹೊಸದು ಸೇರಿಸಬಹುದು, ಅಳಿಸಬಹುದು ಎಂಬರ್ಥದ ಸಾಲು ಇದ್ದರೆ ಅಲ್ಲೇ ನಿಲ್ಲಿಸಿ. ನಮ್ಮ ಡ್ರೈವ್‌ಗಳಲ್ಲಿ ಏನಿರುತ್ತದೆ? ಹೊಲದ ಉತಾರದ ಫೋಟೊ, ಆಧಾರ್, ಪ್ಯಾನ್, ಪಾಸ್‌ಬುಕ್‌ನ ಮೊದಲ ಪುಟ, ಮಕ್ಕಳ ಅಂಕಪಟ್ಟಿ. ಬೆಳೆ ವಿಮೆಗೆಂದು, ವಿದ್ಯಾರ್ಥಿ ವೇತನಕ್ಕೆಂದು ಒಮ್ಮೆ ಏರಿಸಿ ಮರೆತವು. ಸಾಲದ ಅರ್ಜಿಗೆ ಬೇಕಾದ ಪೂರ್ತಿ ಕಡತ ಅಲ್ಲೇ ಸಿದ್ಧವಾಗಿರುತ್ತದೆ.

ಜಾಗ ತುಂಬಿದರೂ ಕಷ್ಟವೇ. 15 ಜಿಬಿ ಭರ್ತಿಯಾದರೆ ಜಿಮೇಲ್‌ಗೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಪರೀಕ್ಷೆಯ ಹಾಲ್‌ಟಿಕೆಟ್, ನೌಕರಿಯ ಕರೆ, ಬ್ಯಾಂಕಿನ ಸೂಚನೆ ಕಳಿಸಿದವರಿಗೇ ವಾಪಸ್ ಹೋಗುತ್ತವೆ.

ಕದ್ದ ಕ್ಲೌಡ್ ಖಾತೆಗಳ ಹಸಿವು ಎಷ್ಟು ಎಂಬುದಕ್ಕೆ ಗೂಗಲ್‌ನದೇ ಒಂದು ವರದಿ ಇದೆ. ಡ್ರೈವ್ ಅಲ್ಲ, ಕಂಪನಿಗಳು ಬಾಡಿಗೆಗೆ ಪಡೆಯುವ ಅದರ ಕ್ಲೌಡ್ ಕಂಪ್ಯೂಟರ್‌ಗಳ ಬಗ್ಗೆ. ಕಳ್ಳರ ಕೈಗೆ ಸಿಕ್ಕ 50 ಪ್ರಕರಣಗಳನ್ನು ನೋಡಿದಾಗ ಶೇ 86ರಲ್ಲಿ ಕ್ರಿಪ್ಟೊ ಮೈನಿಂಗ್ ನಡೆದಿತ್ತು, ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಒಳಹೊಕ್ಕ 22 ಸೆಕೆಂಡಿನೊಳಗೆ ಮೈನಿಂಗ್ ತಂತ್ರಾಂಶ ಇಳಿದಿತ್ತು ಎಂದು 2021ರ ನವೆಂಬರ್‌ನಲ್ಲಿ ಅದು ಬರೆಯಿತು. ಕರೆಂಟ್ ಬಿಲ್ ಬೇರೆಯವರದ್ದಾದಾಗ ಮಾತ್ರ ಕ್ಲೌಡ್‌ನಲ್ಲಿ ಮೈನಿಂಗ್ ಲಾಭ ಎಂಬುದು ಕಳ್ಳರಿಗೆ ಚೆನ್ನಾಗಿ ಗೊತ್ತು.

ಅಂದಹಾಗೆ, ಭಾರತದಲ್ಲಿ ಕ್ರಿಪ್ಟೊ ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ 2022ರ ಬಜೆಟ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ ಇದೆ. ಮೈನಿಂಗ್‌ಗೆ ಹಾಕಿದ ಯಂತ್ರದ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ ಎಂದು ಸರ್ಕಾರ ಅದೇ ವರ್ಷ ಲೋಕಸಭೆಯಲ್ಲಿ ತಿಳಿಸಿತು. ‘ಟ್ಯಾಕ್ಸ್ ಇಲ್ಲದ ಆದಾಯ’ ಎಂದು ಬರೆದಿದ್ದರೆ ಅದೂ ಸುಳ್ಳು.

ಈಗಾಗಲೇ ಒತ್ತಿದ್ದರೆ

ಮೊಬೈಲ್‌ನಲ್ಲಿ ಗೂಗಲ್ ಖಾತೆಯ ಸೆಟ್ಟಿಂಗ್ ತೆರೆದು, ‘ಸೆಕ್ಯುರಿಟಿ’ ಎಂಬಲ್ಲಿ ಹೋಗಿ, ಬೇರೆ ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳ ಪಟ್ಟಿ ನೋಡಿ. ಗುರುತಿಲ್ಲದ್ದನ್ನು ತೆಗೆದುಹಾಕಿ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ಪಾಸ್‌ವರ್ಡ್ ಬದಲಿಸಿದರೆ ಸಾಕು ಎಂದುಕೊಳ್ಳಬೇಡಿ, ಕೊಟ್ಟ ಅನುಮತಿ ಹಾಗೆಯೇ ಉಳಿದಿರಬಹುದು, ಅದನ್ನು ಬೇರೆಯಾಗಿಯೇ ತೆಗೆಯಬೇಕು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಂಡಿದ್ದರೆ ಅದನ್ನು ಅಳಿಸಿ. ಎಸ್ಎಂಎಸ್ ಓದುವ ಅನುಮತಿ ಕೊಟ್ಟಿದ್ದರೆ ಬ್ಯಾಂಕಿಗೂ ತಿಳಿಸಿ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುನ್ನ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಪಾವತಿಯ ಯುಟಿಆರ್ ಸಂಖ್ಯೆ, ಸ್ಕ್ರೀನ್‌ಶಾಟ್, ಗುಂಪಿನ ಹೆಸರು ಇಟ್ಟುಕೊಂಡಿರಿ, ನಾಚಿಕೆಯಿಂದ ಚಾಟ್ ಅಳಿಸಬೇಡಿ. ಕೇಂದ್ರದ ಸೈಬರ್ ಕ್ರೈಂ ಜಾಲತಾಣದಲ್ಲೂ ದೂರು ಕೊಡಬಹುದು. ಹತ್ತಿರದ ಠಾಣೆಗೆ ಹೋಗಬಹುದು, ಬೆಳಗಾವಿಯಲ್ಲಿ ಇದಕ್ಕೆಂದೇ ಸಿಇಎನ್ ಪೊಲೀಸ್ ಠಾಣೆಯೂ ಇದೆ.

ದೂರು ಕೊಟ್ಟ ಕೆಲವು ದಿನಗಳ ನಂತರ ‘ನಿಮ್ಮ ಕ್ರಿಪ್ಟೊ ಹಣ ವಾಪಸ್ ಕೊಡಿಸ್ತೀವಿ, ಮೊದಲು ಫೀ ಕಟ್ರಿ’ ಎಂಬ ಕರೆ ಬಂದರೆ ಆಶ್ಚರ್ಯಪಡಬೇಡಿ. ಒಮ್ಮೆ ಕಳೆದುಕೊಂಡವರ ನಂಬರ್‌ಗಳ ಪಟ್ಟಿಯನ್ನು ಇಂಥವರು ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರೆ. ಆ ನಂಬರನ್ನೂ 1930ಕ್ಕೆ ತಿಳಿಸಿ.